ಸೆಕೆಯ ರಾತ್ರಿ ಗಾಳಿಯನ್ನು ಮೈಗೆ ತಲುಪಿಸೋದು ಹೇಗೆ: ಮಂಡ್ಯದ ಮಹಡಿ ಕೋಣೆಯಿಂದ ಒಂದು ಮಾರ್ಗದರ್ಶಿ

ಏಪ್ರಿಲ್ ಕೊನೆಯ ವಾರ. ಅಶ್ವಿನಿ ಮಳೆ ಮುಗಿದು ಭರಣಿ ಹುಟ್ಟೋ ಹೊತ್ತು. ಸಂಜೆ ಒಂದು ಸುತ್ತು ಜೋರಾಗಿ ಹೊಡೆದು ನಿಂತಿತ್ತು. ಮಳೆ ಬಂತಲ್ಲ, ಇವತ್ತಾದರೂ ತಂಪಾಗಿ ಮಲಗಬಹುದು ಅಂದುಕೊಂಡೆ. ರಾತ್ರಿ ಹನ್ನೊಂದಕ್ಕೆ ನಮ್ಮ ಮಹಡಿ ಕೋಣೆ ಇಡ್ಲಿ ಪಾತ್ರೆ ಆಗಿತ್ತು. ಫ್ಯಾನ್ ಐದರಲ್ಲಿ ಓಡುತ್ತಿದೆ, ಬನಿಯನ್ ಬೆನ್ನಿಗೆ ಅಂಟಿದೆ, ದಿಂಬು ತಿರುಗಿಸಿ ತಿರುಗಿಸಿ ಎರಡೂ ಕಡೆ ಒದ್ದೆ. ಅವ್ವ ಮಾತ್ರ ಸುಮ್ನೆ ಎದ್ದಳು. ಚಾಪೆ ಎಳೆದುಕೊಂಡು ಹೋಗಿ ಬಾಗಿಲ ಹೊಸ್ತಿಲಿಗೆ ಕಾಲು ಚಾಚಿ ಮಲಗಿದಳು. ಐದು ನಿಮಿಷಕ್ಕೆ ಗೊರಕೆ.

ಬೆಳಿಗ್ಗೆ ಕೇಳಿದೆ. "ಅಲ್ಲಿ ಗಾಳಿ ಬರೀ ಸುತ್ತತದೆ ಕಣಪ್ಪ. ಇಲ್ಲಿ ಹರೀತದೆ" ಅಂದಳು.

ಆ ಎರಡು ಮಾತಿನ ಅರ್ಥ ತಿಳಿಯೋಕೆ ನನಗೆ ಎರಡು ಬೇಸಿಗೆ ಬೇಕಾಯಿತು. ಮಧ್ಯೆ ಒಂದು ಕೂಲರ್ ದುಡ್ಡು ದಂಡ ಆಯಿತು. ನೀವು ಅಷ್ಟು ಸುತ್ತೋದು ಬೇಡ ಅಂತ ಇಲ್ಲಿ ಮೊದಲಿಂದ ಬರೆಯುತ್ತಿದ್ದೇನೆ. ಹೆಚ್ಚಿನದೆಲ್ಲ ಮನೆಯಲ್ಲಿರೋ ಸಾಮಾನಿನಲ್ಲೇ ಆಗುವಂಥದ್ದು.

ಮೊದಲು ಮೈಯ ಲೆಕ್ಕ

ಸುಮ್ನೆ ಮಲಗಿದ್ದರೂ ದೊಡ್ಡವರ ಮೈ ಸುಮಾರು 70 ವಾಟ್ ಬಿಸಿಯನ್ನು ಹೊರಗೆ ಹಾಕುತ್ತಲೇ ಇರುತ್ತದೆ. ಹಳೇ ಕಾಲದ 60 ವಾಟಿನ ಹಳದಿ ಬಲ್ಬ್ ಇತ್ತಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ. ಈ ಬಿಸಿ ಹೋಗೋಕೆ ಮುಖ್ಯವಾಗಿ ಎರಡು ದಾರಿ. ಚರ್ಮಕ್ಕಿಂತ ತಣ್ಣಗಿರೋ ಗಾಳಿಗೆ, ಗೋಡೆಗೆ, ಸೂರಿಗೆ ನೇರವಾಗಿ ದಾಟೋದು ಒಂದು. ಬೆವರು ಆವಿಯಾಗುತ್ತಾ ಹೊತ್ತುಕೊಂಡು ಹೋಗೋದು ಇನ್ನೊಂದು.

ಸೆಕೆಯಲ್ಲಿ ನಮ್ಮ ಚರ್ಮ 34–35 ಡಿಗ್ರಿ ಇರುತ್ತದೆ. ಕೋಣೆ 32 ಆಗಿದ್ದರೆ ಮೊದಲ ದಾರಿ ಮುಕ್ಕಾಲು ಮುಚ್ಚಿದ ಹಾಗೆ. ಉಳಿದಿದ್ದು ಬೆವರು. ಒಂದು ಗ್ರಾಂ ಬೆವರು ಆವಿಯಾದರೆ ಸುಮಾರು 2,400 ಜೂಲ್ ಬಿಸಿಯನ್ನು ಕರೆದೊಯ್ಯುತ್ತದೆ. ಪೂರ್ತಿ 70 ವಾಟೂ ಹೀಗೇ ಹೋಗಬೇಕು ಅಂದರೆ ಗಂಟೆಗೆ ಸುಮಾರು 100 ಗ್ರಾಂ, ಅಂದರೆ ಅರ್ಧ ಲೋಟ, ಆವಿಯಾಗಬೇಕು. ಬೆವರಿದರೆ ಸಾಲದು, ಆವಿಯಾಗಬೇಕು. ತೊಟ್ಟಿಕ್ಕಿ ದಿಂಬಿಗೆ ಇಳಿದ ಬೆವರು ದಂಡ.

ಗಾಳಿ ನಿಂತಿದ್ದರೆ ಮೈ ಸುತ್ತ ಬಿಸಿ ಆವಿಯ ಒಂದು ತೆಳುವಾದ ಪದರ ಕಟ್ಟಿಕೊಳ್ಳುತ್ತದೆ. ಬೆವರಿಗೆ ಹೋಗೋಕೆ ಜಾಗವೇ ಇಲ್ಲ. ಆ ಪದರವನ್ನು ಗುಡಿಸಿ ಹಾಕೋದಷ್ಟೇ ಫ್ಯಾನಿನ ಕೆಲಸ. ಬಿಸಿ ಕಾಫಿಯನ್ನು ಬಸಿಗೆ ಹಾಕಿ ಊದುತ್ತೀವಲ್ಲ, ಅದೇ ಲೆಕ್ಕ. ಊದುವ ಉಸಿರು ತಣ್ಣಗಿರಬೇಕಾಗಿಲ್ಲ, ಕಾಫಿ ಮೇಲಿನ ಹಬೆಯನ್ನು ತಳ್ಳಿದರೆ ಸಾಕು.

ಹಾಗಾಗಿ ಫ್ಯಾನ್ ಕೋಣೆಯನ್ನು ತಂಪು ಮಾಡೋದಿಲ್ಲ. ಉಲ್ಟಾ, ಅದು ಎಳೆಯೋ 75 ವಾಟ್ ಕೊನೆಗೆ ಕೋಣೆಯಲ್ಲೇ ಬಿಸಿಯಾಗಿ ಉಳಿಯುತ್ತದೆ. ಬಾಗಿಲು ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಕೋಣೆಯಲ್ಲಿ ಇನ್ನೊಬ್ಬರನ್ನು ಮಲಗಿಸಿಕೊಂಡ ಹಾಗೆ! ಯಾರೂ ಇಲ್ಲದ ಕೋಣೆಯಲ್ಲಿ "ತಣ್ಣಗಾಗಲಿ" ಅಂತ ಫ್ಯಾನ್ ಬಿಟ್ಟು ಬರೋರು ಇದನ್ನು ಎರಡು ಸಲ ಓದಿ.

ಎಷ್ಟು ಗಾಳಿ ಬೇಕು? ಸೆಕೆಂಡಿಗೆ ಒಂದು ಮೀಟರ್, ನಿಧಾನವಾಗಿ ನಡೆಯೋ ವೇಗ, ಮೈಗೆ ತಾಗಿದರೆ ಸಾಕು. ಕೋಣೆ 2–3 ಡಿಗ್ರಿ ಇಳಿದಷ್ಟು ಹಿತ ಸಿಗುತ್ತದೆ. ಏನೂ ಇಲ್ಲದ ಕಡೆ ಮೊದಲು ಬಂದ ಸಣ್ಣ ಗಾಳಿಯೇ ದೊಡ್ಡ ಉಪಕಾರ ಮಾಡೋದು. ಆಮೇಲೆ ಮೂರರಿಂದ ಐದಕ್ಕೆ ತಿರುಗಿಸಿದರೆ ಸದ್ದು ಜಾಸ್ತಿ, ಲಾಭ ಕಡಿಮೆ. ಅದಕ್ಕೇ ದೊಡ್ಡ ಫ್ಯಾನ್ ತರೋ ಮುಂಚೆ, ಇರೋ ಗಾಳಿ ಮೈಗೆ ಬರುತ್ತಿದೆಯಾ ಅಂತ ನೋಡೋದು.

ಹೆಜ್ಜೆ 1: ಗಾಳಿ ಎಲ್ಲಿದೆ, ಹುಡುಕಿ

ಎರಡು ಪರೀಕ್ಷೆ ಇವೆ. ಮೊದಲನೆಯದು ಊದುಬತ್ತಿ. ಮೈಸೂರು ಸೀಮೆಯಲ್ಲಿ ಊದುಬತ್ತಿ ಇಲ್ಲದ ಮನೆ ಯಾವುದಿದೆ? ರಾತ್ರಿ ಮಲಗೋ ಹೊತ್ತಿಗೆ, ಕಿಟಕಿ ಬಾಗಿಲು ದಿನಾ ಹೇಗಿರುತ್ತೋ ಹಾಗೇ ಬಿಟ್ಟು, ಒಂದು ಕಡ್ಡಿ ಹಚ್ಚಿ. ಹಾಸಿಗೆ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿಯಿರಿ. ತಲೆ ಕಡೆ, ಹೊಟ್ಟೆ ಕಡೆ, ಕಾಲ ಕಡೆ, ಆಮೇಲೆ ಹೊಸ್ತಿಲ ಹತ್ತಿರ. ಹೊಗೆ ನೆಟ್ಟಗೆ ದಾರದ ಹಾಗೆ ಮೇಲೇಳುತ್ತಿದ್ದರೆ ಅಲ್ಲಿ ಗಾಳಿ ಸತ್ತಿದೆ. ಸುರುಳಿ ಸುತ್ತುತ್ತಾ ಅಲ್ಲೇ ಗಿರಕಿ ಹೊಡೆದರೆ ಗಾಳಿ ಸುತ್ತುತ್ತಿದೆ. ಒಂದೇ ಕಡೆಗೆ ಅಡ್ಡಡ್ಡ ಎಳೆದುಕೊಂಡು ಹೋದರೆ, ಹರಿಯುತ್ತಿದೆ. ಕಡ್ಡಿ ಹಿಡಿದು ಕೋಣೆಯೆಲ್ಲ ಓಡಾಡುತ್ತಿದ್ದರೆ ಮನೆಯವರು ಒಂಥರಾ ನೋಡುತ್ತಾರೆ. ನೋಡಲಿ. ಬೂದಿ ಹಾಸಿಗೆ ಮೇಲೆ ಬೀಳದಂತೆ ಕೆಳಗೆ ತಟ್ಟೆ ಹಿಡಿಯಿರಿ ಅಷ್ಟೇ.

ಎರಡನೆಯದು ಕರವಸ್ತ್ರ. ಒಂದೇ ಥರದ ಎರಡು ಕರವಸ್ತ್ರ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ. ಒಂದನ್ನು ನೀವು ಮಲಗೋ ಜಾಗದಲ್ಲಿ ಹರಡಿ, ಇನ್ನೊಂದನ್ನು ಬೇರೆ ಎಲ್ಲಿ ಹಾಸಿಗೆ ಹಾಕಬಹುದೋ ಅಲ್ಲಿ. ಕೆಳಗೆ ಎರಡಕ್ಕೂ ಒಂದೊಂದು ಸ್ಟೀಲ್ ತಟ್ಟೆ ಇಡಿ. ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ. ಮೊದಲು ಒಣಗಿದ ಜಾಗದಲ್ಲೇ ನಿಮ್ಮ ಬೆವರೂ ಮೊದಲು ಒಣಗೋದು. ನಮ್ಮ ಮನೆಯಲ್ಲಿ ಮಂಚದ ಮೇಲಿನದು ಇನ್ನೂ ತಣ್ಣಗೆ ಒದ್ದೆ ಇದ್ದಾಗ ಹೊಸ್ತಿಲ ಹತ್ತಿರದ್ದರ ಅಂಚೆಲ್ಲ ಗರಿಗರಿ ಆಗಿತ್ತು. ಅವ್ವ ಗೆದ್ದಳು.

ಹೆಜ್ಜೆ 2: ಮಂಚ ಸರಿಸಿ

ಪುಕ್ಕಟೆ ಆಗೋ ಕೆಲಸ ಇದು. ಆದರೆ ಮಂಚ ಗೋಡೆಗೇ ಅಂಟಿರಬೇಕು ಅಂತ ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿ ಕೂತಿದೆ.

ಸೀಲಿಂಗ್ ಫ್ಯಾನ್ ಗಾಳಿ ರೆಕ್ಕೆಯ ಕೆಳಗೆ ಕಂಬದ ಹಾಗೆ ಇಳಿಯುತ್ತದೆ. ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಗೋಡೆ ಹತ್ತಿ, ಸೂರಿಗೆ ಹೋಗಿ, ತಿರುಗಿ ಅದೇ ಗಾಳಿ ಕೆಳಗೆ. ಗಟ್ಟಿ ಗಾಳಿ ಸಿಗೋದು ರೆಕ್ಕೆಯ ಅಡಿಯಲ್ಲಿ. ಮೋಟಾರಿನ ನೇರ ಕೆಳಗೆ ಸ್ವಲ್ಪ ಸಪ್ಪೆ. ಎದೆ, ಹೊಟ್ಟೆ ರೆಕ್ಕೆಯ ತುದಿಗಿಂತ ಒಂದಡಿ ಒಳಗಿನ ಜಾಗದ ಕೆಳಗೆ ಬರಲಿ. ತಲೆ ಸ್ವಲ್ಪ ಆಚೆ ಇದ್ದರೇ ಒಳ್ಳೆಯದು. ರಾತ್ರಿಯೆಲ್ಲ ಮುಖಕ್ಕೆ ಗಾಳಿ ಹೊಡೆದರೆ ಬೆಳಿಗ್ಗೆ ಗಂಟಲು ಒಣಗಿ, ಕಣ್ಣು ಉರಿಯುತ್ತದೆ.

ನೆಲದ ಮೇಲೆ ಮಲಗೋರು ಫ್ಯಾನಿನ ಕೆಳಗೇ ಇರಬೇಕಾಗಿಲ್ಲ. ನೆಲಕ್ಕೆ ಬಡಿದ ಗಾಳಿ ನೆಲದ ಉದ್ದಕ್ಕೂ ಹರಿಯುತ್ತದೆ. ಮಂಚದ ಕೆಳಗೆ ಟ್ರಂಕು, ಅಕ್ಕಿ ಮೂಟೆ ಎಲ್ಲ ತುರುಕಿದ್ದರೆ ಆ ಹರಿವಿಗೆ ಅಡ್ಡ. ಇನ್ನು ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಇದ್ದರೆ ನೀವು ಪುಣ್ಯವಂತರು. ಚಾಪೆ ಹಾಸಿದರೂ ಬೆನ್ನಿನ ಬಿಸಿಯನ್ನು ಎಳೆದುಕೊಳ್ಳುತ್ತದೆ.

ಕಿಟಕಿ ಗಾಳಿ ಬರುವ ಕಡೆ ಇದ್ದರೆ ಹಾಸಿಗೆಯನ್ನು ಕಿಟಕಿಗೂ ಬಾಗಿಲಿಗೂ ನಡುವಿನ ದಾರಿಯಲ್ಲಿ ಹಾಕಿ. ಒಳಗೆ ಬರೋ ಕಿಂಡಿ ಹಾಸಿಗೆ ಮಟ್ಟದಲ್ಲಿ, ಹೊರಗೆ ಹೋಗೋ ಕಿಂಡಿ ಮೇಲೆ ಮತ್ತು ದೊಡ್ಡದಾಗಿ ಇದ್ದರೆ ಗಾಳಿಗೆ ಓಟ ಬರುತ್ತದೆ. ತೊಟ್ಟಿ ಮನೆಗಳಲ್ಲಿ ಇದು ಹುಟ್ಟಿನಿಂದಲೇ ಇತ್ತು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಜಗಲಿ, ಮೇಲೆ ಸಂದು ಬಿಟ್ಟ ನಾಡಹೆಂಚು. ಬಿಸಿ ಗಾಳಿ ತಾನಾಗೇ ಮೇಲೆ ಸೋರಿ ಹೋಗುತ್ತಿತ್ತು. ಈಗ ನಾವು ವೆಂಟಿಲೇಟರಿಗೂ ಗಾಜು ಹಾಕಿ, ಮೇಲೆ ಕ್ಯಾಲೆಂಡರ್ ತೂಗು ಹಾಕಿದ್ದೇವೆ. ತೆಗೆಯಿರಿ ಅದನ್ನು.

ಕಿಟಕಿಯ ಸೊಳ್ಳೆ ಜಾಲರಿ ನೋಡಿ. ಬೆರಳಿಂದ ಉಜ್ಜಿದರೆ ಕಪ್ಪಗೆ ಬರುತ್ತದಾ? ಹಾಗಾದರೆ ಅರ್ಧ ತೂತು ಧೂಳಿನಿಂದ ಕಟ್ಟಿದೆ. ಹಳೇ ಹಲ್ಲುಜ್ಜೋ ಬ್ರಷ್, ಸೋಪು ನೀರು, ಹತ್ತು ನಿಮಿಷ.

ಹೆಜ್ಜೆ 3: ಇರೋ ಫ್ಯಾನನ್ನು ಸರಿ ಮಾಡಿ

ನಮ್ಮದು ಹನ್ನೆರಡು ವರ್ಷದ ಫ್ಯಾನ್. ಐದರಲ್ಲೂ ರೆಕ್ಕೆ ಎಣಿಸಬಹುದಿತ್ತು. ಹೊಸದು ತರೋಣ ಅಂತ ಹೊರಟವನನ್ನು ಎಲೆಕ್ಟ್ರಿಷಿಯನ್ ಹುಡುಗನೇ ನಿಲ್ಲಿಸಿದ. "ಕಂಡೆನ್ಸರ್ ವೀಕ್ ಆಗಿದೆ ಅಣ್ಣ, ಅಷ್ಟೇ." ಮೇಲಿನ ಕಪ್ ಇಳಿಸಿದ. ಒಳಗಿಂದ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಬಿಳಿ ಡಬ್ಬಿ ತೆಗೆದ. ಮೋಟಾರಿಗೆ ತಿರುಗೋ ಬಲ ಕೊಡೋ ಕಂಡೆನ್ಸರ್ ಅದೇ. ಮೈಮೇಲೆ 2.5 ಅಂತ ಬರೆದಿತ್ತು, ಒಂದು ಪಕ್ಕ ಉಬ್ಬಿತ್ತು. ಅದೇ ನಂಬರಿನ ಹೊಸದನ್ನು ಹಾಕಿದ. ಸ್ವಿಚ್ ಒತ್ತಿದ ಮೇಲೆ ಕ್ಯಾಲೆಂಡರ್ ಹಾಳೆ ಪಟಪಟ ಅಂದಿತು. ಹೊಸ ಫ್ಯಾನಿನ ದುಡ್ಡು ಉಳಿಯಿತು. ನೀವೇ ಮಾಡೋದಾದರೆ ಮೇನ್ ಸ್ವಿಚ್ಚೇ ಆಫ್ ಮಾಡಿ. ಗೋಡೆ ಸ್ವಿಚ್ಚನ್ನು ನಂಬಿಕೊಂಡು ಕೈ ಹಾಕಬೇಡಿ. ಧೈರ್ಯ ಇಲ್ಲದಿದ್ದರೆ ಕರೆಸಿ, ತಪ್ಪೇನಿಲ್ಲ.

ಕರೆಸಿದಾಗಲೇ ಇನ್ನೂ ನಾಲ್ಕು ವಿಷಯ ನೋಡಿಸಿಬಿಡಿ.

ತಿರುಗೋ ದಿಕ್ಕು. ಕೆಳಗಿಂದ ನೋಡಿದರೆ ಸಾಮಾನ್ಯ ಸೀಲಿಂಗ್ ಫ್ಯಾನ್ ಗಡಿಯಾರಕ್ಕೆ ಉಲ್ಟಾ ತಿರುಗಬೇಕು. ವೈಂಡಿಂಗ್ ಮಾಡಿಸಿ ತಂದ ಫ್ಯಾನಿನಲ್ಲಿ ಒಮ್ಮೊಮ್ಮೆ ವೈರ್ ಅದಲು ಬದಲಾಗಿ, ಗಾಳಿ ಸೂರಿನ ಕಡೆ ಹೋಗುತ್ತಿರುತ್ತದೆ. ಕೆಳಗೆ ಕೂತವರು "ಫ್ಯಾನ್ ಜೋರಾಗೇ ಇದೆ, ಗಾಳಿ ಮಾತ್ರ ಇಲ್ಲ" ಅನ್ನುತ್ತಿರುತ್ತಾರೆ.

ಎತ್ತರ. ರೆಕ್ಕೆ ನೆಲದಿಂದ 8ರಿಂದ 9 ಅಡಿ ಎತ್ತರದಲ್ಲಿರಬೇಕು. ಎಂಟಕ್ಕಿಂತ ಕೆಳಗೆ ಬೇಡ. ಸೂರಿಗೂ ರೆಕ್ಕೆಗೂ ಕನಿಷ್ಠ ಒಂದಡಿ ಸಂದು ಇರಲಿ, ಇಲ್ಲದಿದ್ದರೆ ಫ್ಯಾನಿಗೆ ಮೇಲಿಂದ ಎಳೆದುಕೊಳ್ಳೋಕೆ ಗಾಳಿಯೇ ಸಿಗೋದಿಲ್ಲ. ಮೈಸೂರಿನ ಹಳೇ ಬಡಾವಣೆಗಳ ಎತ್ತರದ ಸೂರಿನ ಮನೆಗಳಲ್ಲಿ ಉದ್ದ ರಾಡ್ ಹಾಕಿ ಇಳಿಸಿಕೊಳ್ಳಿ.

ಅಳತೆ. ಹತ್ತು ಹನ್ನೆರಡರ ಕೋಣೆಗೆ 48 ಇಂಚಿನ, ಅಂದರೆ 1200 ಮಿಲಿಮೀಟರಿನ ಫ್ಯಾನ್ ಸರಿ. ಉದ್ದ ಹಾಲ್‌ಗೆ ಒಂದು ದೊಡ್ಡ ಫ್ಯಾನಿಗಿಂತ ಎರಡು ಸಾಧಾರಣ ಫ್ಯಾನ್ ಮೇಲು.

ಧೂಳು. ರೆಕ್ಕೆಯ ಮುಂದಿನ ಅಂಚಿನಲ್ಲಿ ಕಪ್ಪು ಗೆರೆ ಕಟ್ಟಿರುತ್ತಲ್ಲ, ಅದು ಗಾಳಿ ಕತ್ತರಿಸೋ ಬಾಯಿ. ಹಳೇ ದಿಂಬಿನ ಕವರನ್ನು ರೆಕ್ಕೆಗೆ ಏರಿಸಿ ಎಳೆದರೆ ಧೂಳು ಕವರಿನೊಳಗೇ ಬೀಳುತ್ತದೆ, ಹಾಸಿಗೆ ಮೇಲಲ್ಲ.

ಹೊಸದು ತಗೊಳ್ಳಲೇಬೇಕಾದರೆ ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟಿನಲ್ಲಿ ಓಡೋ ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನ್, ತಗೊಳ್ಳಿ. ಹಳೇದು 75 ವಾಟ್ ತಿಂದರೆ ಇದು 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ಲೆಕ್ಕ ಹಾಕಿದರೆ ತಿಂಗಳಿಗೆ 22 ಯೂನಿಟ್ ಹೋಗುತ್ತಿದ್ದ ಕಡೆ 9 ಯೂನಿಟ್. ನನಗೆ ಅದಕ್ಕಿಂತ ಇಷ್ಟವಾಗಿದ್ದು ಬೇರೆ. ಸಂಜೆ ವೋಲ್ಟೇಜ್ ಬಿದ್ದಾಗ ಹಳೇ ಫ್ಯಾನ್ ಸೋತ ಎತ್ತಿನ ಹಾಗೆ ಆಡುತ್ತದೆ, ಇದು ಒಂದೇ ವೇಗದಲ್ಲಿ ಓಡುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಚೀಟಿ ಕಡ್ಡಾಯ. ಅದರಲ್ಲಿ ವಾಟ್ ಮಾತ್ರ ನೋಡಬೇಡಿ, ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಅನ್ನೋದನ್ನೂ ನೋಡಿ. 48 ಇಂಚಿಗೆ 210ಕ್ಕಿಂತ ಮೇಲಿದ್ದರೆ ಒಳ್ಳೆಯದು.

ಹೆಜ್ಜೆ 4: ತಾರಸಿ ಕೆಳಗೆ ಮಲಗೋರು ಮೊದಲು ಕೋಣೆಯ ಗಾಳಿ ಬದಲಿಸಿ

ನನ್ನ ನಿಜವಾದ ತಪ್ಪು ಇಲ್ಲಿತ್ತು. ಆರ್‌ಸಿಸಿ ತಾರಸಿ ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಕುಡಿದಿದ್ದನ್ನು ಒಳಗೆ ಬಿಡೋಕೆ ಶುರು ಮಾಡೋದು ಸಂಜೆ. ನಾವು ಮಲಗೋ ಹೊತ್ತಿಗೆ ಸೂರಿನ ಕೆಳಗೆ ಬಿಸಿ ಗಾಳಿಯ ದಪ್ಪ ಪದರ ಕೂತಿರುತ್ತದೆ. ಸೀಲಿಂಗ್ ಫ್ಯಾನ್ ಅದನ್ನೇ ಎತ್ತಿ ನಮ್ಮ ಮೇಲೆ ಸುರಿಯುತ್ತದೆ. ಕೆಲವು ನೂರು ರೂಪಾಯಿಗೆ ಉಷ್ಣಾಂಶ, ತೇವಾಂಶ ಎರಡೂ ತೋರಿಸೋ ಸಣ್ಣ ಡಿಜಿಟಲ್ ಮೀಟರ್ ಸಿಗುತ್ತದೆ, ಒಂದು ತಂದೆ. ರಾತ್ರಿ ಹತ್ತಕ್ಕೆ ಕೋಣೆಯಲ್ಲಿ 32, ತಾರಸಿ ಮೇಲೆ 26! ಆರು ಡಿಗ್ರಿ ತಂಪು ಗೋಡೆಯ ಆಚೆ ಪುಕ್ಕಟೆ ಬಿದ್ದಿದೆ, ನಾನು ಒಳಗೆ ಬೇಯುತ್ತಿದ್ದೇನೆ.

ನಮ್ಮ ಸೀಮೆಗೆ ಇದೊಂದು ವರ. ಕರಾವಳಿಯಲ್ಲಿ ರಾತ್ರಿಯೂ ಸೆಕೆ ಇಳಿಯೋದಿಲ್ಲ. ಮೈಸೂರು ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 770 ಮೀಟರ್ ಎತ್ತರದಲ್ಲಿದೆ, ಮಂಡ್ಯ ಅದಕ್ಕಿಂತ ಸ್ವಲ್ಪ ತಗ್ಗು. ಏಪ್ರಿಲಿನಲ್ಲೂ ಬೆಳಗಿನ ಜಾವಕ್ಕೆ ಹೊರಗೆ 22ರ ಹತ್ತಿರ ಬರುತ್ತದೆ. ಆ ಗಾಳಿಯನ್ನು ಒಳಗೆ ಕರೆದುಕೊಳ್ಳೋದು ಹೇಗೆ?

ಎರಡು ಕಿಟಕಿ, ಅಥವಾ ಒಂದು ಕಿಟಕಿ ಒಂದು ಬಾಗಿಲು ಬೇಕು. ಹಾಸಿಗೆಗೆ ದೂರದ ಕಿಟಕಿ ಹತ್ತಿರ ಸ್ಟ್ಯಾಂಡ್ ಫ್ಯಾನನ್ನು ಹೊರಗೆ ಮುಖ ಮಾಡಿ ಇಡಿ. ಹೌದು, ಹೊರಗೆ. ಕಿಟಕಿಗೆ ಒತ್ತಿ ಇಡಬೇಡಿ, ಎರಡು ಮೂರು ಅಡಿ ಒಳಗಿರಲಿ. ಆಗ ಫ್ಯಾನಿನ ಗಾಳಿ ಅಗಲವಾಗಿ ಕಿಟಕಿಯನ್ನು ತುಂಬಿಕೊಂಡು ಹೋಗುತ್ತದೆ, ಅಕ್ಕಪಕ್ಕದ ಬಿಸಿ ಗಾಳಿಯನ್ನೂ ಎಳೆದೊಯ್ಯುತ್ತದೆ. ಹಾಸಿಗೆ ಪಕ್ಕದ ಕಿಟಕಿ ತೆರೆದಿಡಿ. ಉಳಿದ ಬಾಗಿಲೆಲ್ಲ ಮುಚ್ಚಿ, ಇಲ್ಲದಿದ್ದರೆ ಅದು ಅಡಿಗೆಮನೆಯ ಒಗ್ಗರಣೆ ಗಾಳಿಯನ್ನು ಎಳೆದುಕೊಂಡು ಬರುತ್ತದೆ. ಊದುಬತ್ತಿ ಹಚ್ಚಿ ನೋಡಿ. ಹೊಗೆ ಹಾಸಿಗೆ ದಾಟಿ ಫ್ಯಾನಿನ ಕಡೆ ಹೊಳೆಯ ಹಾಗೆ ಹೋಗುತ್ತದೆ. ಅವ್ವ ಹೇಳಿದ ಹರಿಯೋ ಗಾಳಿ ಅದೇ. ಮಲಗೋ ಮುಂಚೆ ಒಂದು ಗಂಟೆ ಹೀಗೆ ಓಡಿಸಿ. ಆಮೇಲೆ ಬೇಕಾದರೆ ಫ್ಯಾನ್ ತಿರುಗಿಸಿ ಮೈ ಕಡೆ ಮಾಡಿಕೊಳ್ಳಿ.

ಹಗಲು ಇದರ ಉಲ್ಟಾ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ, ಹೊರಗಿನ ಬಿಸಿ ಒಳಗಿನದಕ್ಕಿಂತ ಜಾಸ್ತಿ ಆದ ಕೂಡಲೇ ಕಿಟಕಿ ಮುಚ್ಚಿ, ಪರದೆ ಎಳೆಯಿರಿ. ತಾರಸಿಗೆ ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಬಳಿದರೆ, ಇಲ್ಲವೇ ತೆಂಗಿನ ಗರಿಯ ಚಪ್ಪರ ಹಾಕಿದರೆ ಫ್ಯಾನಿನ ಅರ್ಧ ಕೆಲಸ ಹಗುರ. ಅದೇ ಬೇರೆ ಕಥೆ, ಇಲ್ಲಿ ಬಿಡೋಣ.

ಹೆಜ್ಜೆ 5: ಸ್ಟ್ಯಾಂಡ್ ಫ್ಯಾನ್, ಕಾಲ ಕಡೆಯಿಂದ

ತಾರಸಿ ಕೆಳಗಿನ ಕೋಣೆಯಲ್ಲಿ ನನ್ನ ಮತ ಸ್ಟ್ಯಾಂಡ್ ಫ್ಯಾನಿಗೇ. ಸೂರಿನ ಬಿಸಿಯನ್ನು ಮುಟ್ಟದೆ, ಕೆಳಗಿನ ತಣ್ಣನೆ ಗಾಳಿಯನ್ನು ಮೈ ಮೇಲೆ ಹಾಯಿಸುತ್ತದೆ. 16 ಇಂಚಿನದು ಸಾಕು. ಹಾಸಿಗೆಯಿಂದ ನಾಲ್ಕರಿಂದ ಆರು ಅಡಿ ದೂರ, ಕಾಲ ಕಡೆ ಸ್ವಲ್ಪ ಓರೆಯಾಗಿ ಇಡಿ. ಫ್ಯಾನಿನ ನಡುಭಾಗ ಹಾಸಿಗೆಗಿಂತ ಒಂದಡಿ ಮೇಲಿರಲಿ. ಗಾಳಿ ಪಾದದಿಂದ ಹತ್ತಿ, ಹೊಟ್ಟೆ ಮೇಲೆ ಜಾರಿ, ಎದೆ ಹತ್ತಿರ ಸೌಮ್ಯ ಆಗಬೇಕು. ಇಬ್ಬರು ಮಲಗಿದ್ದರೆ ತಲೆ ಆಡಿಸೋ ಗುಬುಟು ಒತ್ತಿ. ಒಬ್ಬರೇ ಆದರೆ ನಿಲ್ಲಿಸಿಡಿ, ವೇಗ ಮಾತ್ರ ಕಡಿಮೆ ಮಾಡಿ.

ಹಗ್ಗದ ಮಂಚ ಇದ್ದವರಿಗೆ ಒಂದು ಉಪಾಯ. ಟೇಬಲ್ ಫ್ಯಾನನ್ನು ನೆಲದ ಮೇಲಿಟ್ಟು ಮಂಚದ ಅಡಿಗೆ ಗಾಳಿ ಬಿಡಿ. ಬೆನ್ನಿಗೆ ಕೆಳಗಿಂದ ಗಾಳಿ! ವೈರ್ ಕಾಲಿಗೆ ಸಿಗದ ಹಾಗೆ ಗೋಡೆ ಪಕ್ಕ ಎಳೆಯಿರಿ. ಬಟ್ಟೆ, ಸೆರಗು ಫ್ಯಾನಿನ ಹತ್ತಿರ ಇಳಿಬೀಳದಿರಲಿ.

ಹೆಜ್ಜೆ 6: ಸೊಳ್ಳೆ ಪರದೆಯ ಗೋಳು

ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆಗಳ ಪಕ್ಕ ಮನೆ ಮಾಡಿಕೊಂಡು ಸೊಳ್ಳೆ ಬೇಡ ಅಂದರೆ ಆಗುತ್ತದಾ? ಪರದೆ ಬೇಕೇ ಬೇಕು. ಆದರೆ ಅದು ಗಾಳಿಯನ್ನು ಅರ್ಧದಷ್ಟು ತಡೆಯುತ್ತದೆ. ಸಣ್ಣ ಕಣ್ಣಿನ ದಪ್ಪ ನೈಲಾನ್ ಆದರೆ ಇನ್ನೂ ಜಾಸ್ತಿ.

ಮಾಡಬೇಕಾದ್ದು ಇಷ್ಟು. ಪರದೆ ದೊಡ್ಡದಿರಲಿ, ಮೈಗೆ ತಾಗೋ ಹಾಗೆ ಜೋತು ಬೀಳದೆ ನಾಲ್ಕೂ ಮೂಲೆಗೆ ಬಿಗಿಯಾಗಿರಲಿ. ಫ್ಯಾನನ್ನು ಪರದೆಗೆ ಎರಡು ಅಡಿ ಹತ್ತಿರಕ್ಕೆ ತನ್ನಿ. ಗಾಳಿ ಜೋರಾಗಿ, ನೆಟ್ಟಗೆ ಬಡಿದರೆ ಒಳಗೆ ನುಗ್ಗುತ್ತದೆ, ಓರೆಯಾಗಿ ಬಂದದ್ದು ಪರದೆ ಮೇಲೇ ಜಾರಿ ಹೋಗುತ್ತದೆ. ಯುಎಸ್‌ಬಿಯಲ್ಲಿ ಓಡೋ ಪುಟ್ಟ ಫ್ಯಾನ್ ಪರದೆ ಒಳಗೇ ಕಾಲ ಹತ್ತಿರ ಇಟ್ಟುಕೊಂಡರೆ ಎಲ್ಲಕ್ಕಿಂತ ಸುಖ. ಮೂರ್ನಾಲ್ಕು ವಾಟ್ ಸಾಕು, ಏಕೆಂದರೆ ಗಾಳಿ ಹೋಗಬೇಕಾದ ದೂರ ಎರಡು ಅಡಿ. ಚಾರ್ಜರ್ ಮಾತ್ರ ಹಾಸಿಗೆ ಮೇಲೆ ಬೇಡ.

ಸೊಳ್ಳೆ ಹಾರೋದು ಬಹಳ ನಿಧಾನ. ಸ್ಟ್ಯಾಂಡ್ ಫ್ಯಾನಿನ ಗಾಳಿಗೆ ಎದುರು ಬಂದು ಕೂರೋಕೆ ಒದ್ದಾಡುತ್ತದೆ. ಹಾಗಂತ ಫ್ಯಾನ್ ಇದೆ ಅಂತ ಪರದೆ ಬಿಡಬೇಡಿ. ಡೆಂಗಿ ತರೋ ಸೊಳ್ಳೆ ಹಗಲು ನಿದ್ದೆಯಲ್ಲೂ ಕಚ್ಚುತ್ತದೆ.

ಹೆಜ್ಜೆ 7: ಬೆನ್ನಿಗೂ ಗಾಳಿ ಬೇಕು

ಅಂಗಾತ ಮಲಗಿದರೆ ಬೆನ್ನು ಪೂರ್ತಿ ಹಾಸಿಗೆಗೆ ಅಂಟುತ್ತದೆ, ಅಲ್ಲಿ ಯಾವ ಫ್ಯಾನೂ ನಡೆಯೋದಿಲ್ಲ. ಮಗ್ಗುಲಾಗಿ ಮಲಗಿ, ಬೆನ್ನು ಫ್ಯಾನಿನ ಕಡೆ ಇರಲಿ. ಫೋಮ್ ಹಾಸಿಗೆ ಮೇಲೆ ಒಂದು ಹುಲ್ಲಿನ ಚಾಪೆ ಹಾಕಿ, ಮೇಲೆ ತೊಳೆದು ತೊಳೆದು ಮೆತ್ತಗಾದ ಹಳೇ ಹತ್ತಿ ಪಂಚೆ. ಇಷ್ಟಕ್ಕೇ ನಿಮಗೆ ವ್ಯತ್ಯಾಸ ಗೊತ್ತಾಗುತ್ತದೆ. ರೆಕ್ಸಿನ್, ಪ್ಲಾಸ್ಟಿಕ್ ಕವರ್ ತೆಗೆದುಬಿಡಿ. ಅಪ್ಪಿಕೊಂಡು ಮಲಗೋ ದಿಂಬೂ ಬೇಸಿಗೆಗೆ ರಜೆ ಹೋಗಲಿ. ಬೆವರುಸಾಲೆ ಎದ್ದಿದ್ದರೆ ಪೌಡರ್ ಸುರಿಯೋ ಬದಲು ತಣ್ಣೀರು ಸ್ನಾನ ಮಾಡಿ, ಮೆತ್ತಗೆ ಒರೆಸಿ, ಗಾಳಿಗೆ ಒಣಗಲು ಬಿಡಿ.

ಹೆಜ್ಜೆ 8: ನೀರು ಎಲ್ಲಿ ಹಾಕಬೇಕು

ಈಗ ನನ್ನ ಕೂಲರ್ ಕಥೆ. ಮಾರ್ಚಿನಲ್ಲಿ ತಂದೆ. ಮಧ್ಯಾಹ್ನ ಸ್ವರ್ಗ. ಮಾರ್ಚ್, ಏಪ್ರಿಲ್ ಮಧ್ಯಾಹ್ನದ ನಮ್ಮ ಗಾಳಿ ಒಣಗಿರುತ್ತದೆ, ನೀರು ಚೆನ್ನಾಗಿ ಆವಿಯಾಗಿ ಗಾಳಿ ತಣ್ಣಗಾಗುತ್ತದೆ. ಮೇ ತಿಂಗಳಲ್ಲಿ ಮಳೆ ಶುರುವಾಯಿತು. ಗಾಳಿಯಲ್ಲಿ ಮೊದಲೇ ನೀರು, ಅದರ ಮೇಲೆ ಕೂಲರಿನ ನೀರು. ಕಿಟಕಿ ಬೇರೆ ಮುಚ್ಚಿದ್ದೆ. ಬೆಳಿಗ್ಗೆ ಬೀರು ಒಳಗಿನ ಬಟ್ಟೆಯೂ ಮೆತ್ತಗೆ. ತೇವಾಂಶದ ಮೀಟರ್ 60 ದಾಟಿದರೆ ನೀರು ಹಾಕದೆ ಬರೀ ಫ್ಯಾನಾಗಿ ಓಡಿಸಿ. ನೀರು ಹಾಕಿದಾಗಲೂ ಒಂದು ಕಿಟಕಿ ತೆರೆದಿರಲೇಬೇಕು. ಕಿಟಕಿಗೆ ಕಟ್ಟೋ ಲಾವಂಚದ ತಟ್ಟಿಗೂ ಇದೇ ಮಾತು.

ತೇವದ ರಾತ್ರಿ ನೀರನ್ನು ಗಾಳಿಗೆ ಹಾಕಬೇಡಿ, ಮೈಗೆ ಹಾಕಿ. ಟವಲ್ ಒದ್ದೆ ಮಾಡಿ ಹಿಂಡಿ ಕೈ, ಕತ್ತು, ಕಾಲು ಒರೆಸಿಕೊಂಡು ಫ್ಯಾನಿನ ಮುಂದೆ ಮಲಗಿ. ಗಾಳಿ ಎಷ್ಟೇ ತೇವ ಇದ್ದರೂ, ನಮ್ಮ ಚರ್ಮ ಅದಕ್ಕಿಂತ ಬಿಸಿ ಇರೋದರಿಂದ ಚರ್ಮದ ಮೇಲಿನ ನೀರು ಆವಿಯಾಗುತ್ತಲೇ ಇರುತ್ತದೆ. ಮೈ ಬೆವರು ಸುರಿಸೋ ಕೆಲಸವೂ ಉಳಿಯಿತು. ಮಲಗೋ ಮುಂಚೆ ಒಂದು ಲೋಟ ನೀರು ಮಜ್ಜಿಗೆಯೋ, ನಿಂಬೆ ಪಾನಕವೋ ಕುಡಿಯಿರಿ. ಗಾಳಿಯಲ್ಲಿ ಬೆವರು ಕಾಣದೆ ಒಣಗೋದರಿಂದ ಎಷ್ಟು ನೀರು ಹೋಯಿತು ಅಂತ ಗೊತ್ತಾಗೋದಿಲ್ಲ.

ಎಸಿ ಇರೋರೂ ಫ್ಯಾನ್ ಬಿಡಬೇಡಿ. ಎಸಿ 27ಕ್ಕೆ ಇಟ್ಟು ಫ್ಯಾನ್ ಎರಡರಲ್ಲಿ ಹಾಕಿದರೆ 24ರ ಸುಖ, ಕಡಿಮೆ ಬಿಲ್ಲು.

ಹೆಜ್ಜೆ 9: ಫ್ಯಾನ್ ಸಾಲದ ಹೊತ್ತು, ಫ್ಯಾನ್ ಬೇಡದ ಹೊತ್ತು

ಗಾಳಿ ಚರ್ಮಕ್ಕಿಂತ ಬಿಸಿಯಾದರೆ ಫ್ಯಾನ್ ಬಿಸಿಯನ್ನೇ ಮೈಗೆ ತಳ್ಳುತ್ತದೆ. ಬೆವರು ಚೆನ್ನಾಗಿ ಬರೋ ಆರೋಗ್ಯವಂತರಿಗೆ ಆಗಲೂ ಸ್ವಲ್ಪ ಲಾಭ ಇರಬಹುದು. ಆದರೆ ಕೋಣೆ 40 ದಾಟಿದರೆ ಫ್ಯಾನ್ ಹಾಕಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ವಯಸ್ಸಾದವರಿಗೆ ಬೆವರೋದೇ ಕಡಿಮೆ. ಅವರ ವಿಷಯದಲ್ಲಿ 37–38ಕ್ಕೇ ಹುಷಾರಾಗಿ, ಮೈ ಒದ್ದೆ ಮಾಡಿ, ಕೆಳಗಿನ ಅಂತಸ್ತಿಗೆ ಕರೆತನ್ನಿ. ಮಧ್ಯಾಹ್ನ ಶೀಟ್ ಮನೆಯಲ್ಲಿ ಮಲಗೋರಿಗೆ ಇದು ದೂರದ ಮಾತಲ್ಲ. ಯಾರಾದರೂ ತೊದಲುತ್ತಿದ್ದರೆ, ಗೊಂದಲದಲ್ಲಿದ್ದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ ಫ್ಯಾನ್ ಸರಿ ಮಾಡುತ್ತಾ ಕೂರಬೇಡಿ. ನೀರು ಸುರಿಯುತ್ತಲೇ 108ಕ್ಕೆ ಫೋನ್ ಮಾಡಿ.

ಎಳೆ ಮಗುವಿಗೆ ಫ್ಯಾನ್ ತಪ್ಪಲ್ಲ. ಗಾಳಿ ನೇರ ಮುಖಕ್ಕೆ ಬೇಡ, ಗೋಡೆಗೆ ಬಡಿದು ಬರಲಿ. ಬೆರಳು ತೂರದ ಜಾಲರಿ ಇರೋ ಫ್ಯಾನ್ ಇಡಿ.

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ನಮ್ಮ ಮೈ ತಾನಾಗೇ ತಣ್ಣಗಾಗಿರುತ್ತದೆ, ಹೊರಗೂ ತಂಪು ಇಳಿದಿರುತ್ತದೆ. ಹನ್ನೊಂದಕ್ಕೆ ಹಿತವಾಗಿದ್ದ ಗಾಳಿಯೇ ಆಗ ಕತ್ತು ಹಿಡಿಸೋದು. "ಫ್ಯಾನ್ ಗಾಳಿ ಆಗೋದಿಲ್ಲ" ಅನ್ನೋರಲ್ಲಿ ಬಹಳ ಜನಕ್ಕೆ ಆಗದೇ ಇರೋದು ಈ ಹೊತ್ತಿನ ಗಾಳಿ. ಟೈಮರ್ ಇದ್ದರೆ ಬೆಳಗಿನ ಜಾವ ನಾಲ್ಕಕ್ಕೆ ಫ್ಯಾನ್ ನಿಲ್ಲೋ ಹಾಗೆ ಹೊಂದಿಸಿ. ಇಲ್ಲದಿದ್ದರೆ ಕಾಲ ಬುಡದಲ್ಲಿ ಒಂದು ತೆಳು ಹೊದಿಕೆ ಇಟ್ಟುಕೊಳ್ಳಿ, ಕೈ ನಿದ್ದೆಯಲ್ಲೇ ಎಳೆದುಕೊಳ್ಳುತ್ತದೆ.

ಹೆಜ್ಜೆ 10: ಕರೆಂಟ್ ಹೋದಾಗ

1902ರಲ್ಲೇ ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿತು. ಹುಟ್ಟಿದ್ದು ಇಲ್ಲಿ, ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ನೂರಿಪ್ಪತ್ತು ವರ್ಷ ಆದಮೇಲೂ ಗಾಳಿ ಮಳೆ ಬಂದ ರಾತ್ರಿ ನಾವು ಕತ್ತಲಲ್ಲಿ ಕೂರೋದು ತಪ್ಪಿಲ್ಲ. ಸರಿಯಾಗಿ ಅಂಥ ರಾತ್ರಿಯೇ ಗಾಳಿ ಬೇಕಾಗಿರೋದು.

ಇನ್ವರ್ಟರ್ ಇದ್ದರೆ ಬಿಎಲ್‌ಡಿಸಿ ಫ್ಯಾನ್ ಹಳೇದರ ಎರಡು ಪಟ್ಟು ಹೊತ್ತು ಓಡುತ್ತದೆ. ಇಲ್ಲದಿದ್ದರೆ ಪವರ್ ಬ್ಯಾಂಕಿಗೆ ಆ ಪುಟ್ಟ ಫ್ಯಾನ್ ಸಿಕ್ಕಿಸಿ. ಎರಡೂ ಇಲ್ಲದಿದ್ದರೆ ಬೀಸಣಿಗೆ. ನಗಬೇಡಿ, ಬೀಸೋಕೂ ಒಂದು ಪದ್ಧತಿ ಇದೆ. ಮುಖಕ್ಕೆ ಪಟಪಟ ಬಡಿದುಕೊಂಡರೆ ಕೈ ನೋವು, ಕೈಯ ದುಡಿಮೆಯ ಬಿಸಿ ಬೇರೆ. ಅವ್ವ ಮೊಣಕೈಯನ್ನು ನೆಲಕ್ಕೆ ಊರಿ, ಮಣಿಕಟ್ಟು ಮಾತ್ರ ಆಡಿಸುತ್ತಾಳೆ. ಉದ್ದಕ್ಕೆ, ನಿಧಾನಕ್ಕೆ, ಕತ್ತಿನಿಂದ ಹೊಟ್ಟೆವರೆಗೆ ಒಂದೇ ಎಳೆತ. ಲಾವಂಚದ್ದಾದರೆ ಮೇಲೆ ನಾಲ್ಕು ಹನಿ ನೀರು. ಒಬ್ಬರು ಮಲಗಿ, ಒಬ್ಬರು ಬೀಸಿದರೆ ಮಲಗಿದವರಿಗೆ ಪೂರ್ತಿ ಲಾಭ. ನಮ್ಮ ಮನೆಯಲ್ಲಿ ಮಲಗೋರು ಯಾರು, ಬೀಸೋರು ಯಾರು ಅನ್ನೋದರ ಮೇಲೆ ಇನ್ನೂ ತೀರ್ಮಾನ ಆಗಿಲ್ಲ.

ಬೀಸಣಿಗೆಯನ್ನು ಅಟ್ಟದ ಮೇಲೆ ಇಡಬೇಡಿ. ನಮ್ಮದು ಸ್ವಿಚ್ ಬೋರ್ಡಿನ ಕೆಳಗೆ ಮೊಳೆಗೆ ನೇತಾಡುತ್ತದೆ. ಕರೆಂಟ್ ಹೋದ ಕೂಡಲೇ ಕೈ ಮೊದಲು ಹೋಗೋದು ಅಲ್ಲಿಗೇ ಅಲ್ವಾ.